ಒಂದು ಗೆರೆ ಹಿಂದೆ

ಜ್ವರ ಬಿಟ್ಟ ಮೇಲೆ ಬನ್ನಮ್ಮನ ಬನ್ನು ಉಬ್ಬುವುದನ್ನೇ ಮರೆಯಿತು. ಮೊದಲ ದಿನ ಅವಳು ಹಿಟ್ಟನ್ನು ಬೈದಳು, ಮರುದಿನ ಥಂಡಿ ಹವೆಯನ್ನು. ಆಮೇಲೆ ಯೀಸ್ಟ್ ಮಾರುವ ಅಂಗಡಿಯವನಿಗೂ ಅವನ ಪಾಲಿನ ಬೈಗುಳ ಸಂದಿತು. ಬೈಯಲು ಇನ್ಯಾರೂ ಉಳಿಯದಿದ್ದಾಗ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಯಾರದೋ ಕೈ ನೋಡುವಂತೆ ನೋಡಿಕೊಂಡಳು.

ಬನ್ನಮ್ಮ ಎನ್ನುವುದು ಬೀದಿಯ ಮಕ್ಕಳು ಇಟ್ಟ ಹೆಸರು. ಮನೆಯ ಹಿಂಬದಿಯ ಕೋಣೆಯಲ್ಲಿ ಒಂದು ಒಲೆ, ಹಿಟ್ಟು ನಾದುವ ಕಲ್ಲಿನ ಮೇಜು, ಮೇಜಿನ ತುದಿಯಲ್ಲಿ ಒಂದು ತಕ್ಕಡಿ, ಇಷ್ಟೇ ಅವಳ ಕಾರ್ಖಾನೆ. ಅಲ್ಲಿಂದ ದಿನವೂ ಬೆಳಿಗ್ಗೆ ಬನ್ನುಗಳು ಬುಟ್ಟಿಯೇರಿ, ಗಂಡನ ಸೈಕಲ್ಲಿನ ಹಿಂದೆ ಕೂತು, ಎರಡು ಚಹಾ ಅಂಗಡಿಗೂ ನೂಲಿನ ಗಿರಣಿಯ ಕ್ಯಾಂಟೀನಿಗೂ ಹೋಗುತ್ತಿದ್ದವು.

ತಕ್ಕಡಿ ಎಂದರೆ ಎರಡು ತಟ್ಟೆ ತೂಗುವಂಥದ್ದಲ್ಲ. ಮೇಲೊಂದು ತಟ್ಟೆ, ಕೆಳಗೆ ಗಡಿಯಾರದಂಥ ದುಂಡು ಮುಖ, ಒಳಗೆ ಸ್ಪ್ರಿಂಗು. ಮಗ ತೊಟ್ಟಿಲಲ್ಲಿದ್ದ ಕಾಲಕ್ಕೆ, ಬಾಗಿಲು ಮುಚ್ಚುತ್ತಿದ್ದ ಒಂದು ಪಾತ್ರೆ ಅಂಗಡಿಯ ಮೂಲೆಯಿಂದ ಗಂಡ ಅದನ್ನು ಎತ್ತಿಕೊಂಡು ಬಂದಿದ್ದ. ತಟ್ಟೆ ಖಾಲಿಯಿದ್ದಾಗಲೂ ಅದರ ಮುಳ್ಳು ಸೊನ್ನೆಗೆ ಬಾರದೆ ಒಂದು ಗೆರೆ ಹಿಂದೆಯೇ ನಿಲ್ಲುತ್ತಿತ್ತು. ‘ಸ್ವಲ್ಪ ನಾಚಿಕೆ ಸ್ವಭಾವದ್ದು’ ಎಂದು ಅಂಗಡಿಯವನು ನಕ್ಕು ಬೆಲೆ ಇಳಿಸಿದನಂತೆ. ಅಗ್ಗಕ್ಕೆ ಸಿಕ್ಕಿದ್ದಕ್ಕೆ ಗಂಡ ಹಿಗ್ಗಿದ. ಮುಳ್ಳಿಗೆ ಕೂರಲು ಅದೊಂದು ಜಾಗ ಎಂದುಕೊಂಡು ಬನ್ನಮ್ಮ ಅದರ ಗೊಡವೆಗೇ ಹೋಗಲಿಲ್ಲ.

ಎಷ್ಟೋ ಹಿಟ್ಟು ಹಾಳುಮಾಡಿ, ಅಳೆದೂ ಸುರಿದೂ, ಆ ತಕ್ಕಡಿಯ ಮುಂದೆಯೇ ಅವಳು ತನ್ನ ಲೆಕ್ಕ ಕಂಡುಕೊಂಡಿದ್ದಳು. ಹಿಟ್ಟು ಎರಡು ಕಿಲೋ, ಉಪ್ಪು ಒಂದು ಗೆರೆ, ಯೀಸ್ಟು ಒಂದು ಗೆರೆ. ಒಂದರ ಮೇಲೊಂದು ಸುರಿದು ತೂಗುವುದು ಅವಳಿಗೆ ಆಗದು. ಪ್ರತಿಯೊಂದನ್ನೂ ಬೇರೆಯಾಗಿ ತೂಗಿ, ತಟ್ಟೆ ಒರೆಸಿ, ಮುಂದಿನದಕ್ಕೆ ಕೈ ಹಾಕಬೇಕು.

ಮನೆಗೆ ಬಂದ ಮಿಕ್ಸರುಗಳು ಒಂದೊಂದಾಗಿ ಗುಜರಿ ಸೇರಿದವು. ಗಂಡನ ಕೈಗಡಿಯಾರಗಳೂ ಅದೇ ದಾರಿ ಹಿಡಿದವು. ತಕ್ಕಡಿ ಮಾತ್ರ ಒಮ್ಮೆ ಮೇಜಿನಿಂದ ಬಿದ್ದು ಸೊಂಟ ಬಗ್ಗಿಸಿಕೊಂಡರೂ ಕೆಲಸ ಬಿಡಲಿಲ್ಲ. ಪಕ್ಕದ ಮನೆಯಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಹಸುಗೂಸನ್ನು ವಾರಕ್ಕೊಮ್ಮೆ ಮಡಚಿದ ಟವೆಲ್ಲಿನ ಮೇಲೆ ಮಲಗಿಸಿ ತೂಗಿದ್ದು ಇದರಲ್ಲೇ. ಮುಳ್ಳು ಕೂದಲೆಳೆಯಷ್ಟು ಮುಂದೆ ಸರಿದರೂ ಎರಡು ಮನೆಯವರು ಒಟ್ಟಿಗೆ ಉಸಿರು ಬಿಡುತ್ತಿದ್ದರು. ಆ ಕೂಸು ಈಗ ಲಾರಿ ಓಡಿಸಲು ಕಲಿಸುವ ಗಟ್ಟಿಗಿತ್ತಿ. ಕೆಲಸ ಮುಗಿದ ಮೇಲೆ ಬನ್ನಮ್ಮ ಎಲ್ಲಕ್ಕಿಂತ ಮೊದಲು ತಕ್ಕಡಿಯನ್ನು ಒಣಬಟ್ಟೆಯಲ್ಲಿ ಒರೆಸುತ್ತಿದ್ದಳು. ತುತ್ತು ಕೊಟ್ಟ ವಸ್ತುವಿಗೆ ಅಷ್ಟಾದರೂ ಮಾಡಬೇಡವೇ ಎನ್ನುವುದು ಅವಳ ಮಾತು.

ಹಾಗಾಗಿ ಬನ್ನು ಕೆಟ್ಟಾಗ ತಕ್ಕಡಿಯ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಬನ್ನು ಸಪ್ಪೆ ಎನಿಸಿದಾಗಲೂ ಜ್ವರದಲ್ಲಿ ನಾಲಿಗೆ ಸತ್ತಿದೆ ಎಂದುಕೊಂಡಳು. ಉಪ್ಪು ಇನ್ನೊಂದು ಚಿಟಿಕೆ ಹಾಕೋಣವೆಂದು ಕೈ ಮುಂದೆ ಹೋಗುತ್ತಿತ್ತು. ಗೆರೆ ಸರಿಯಾಗಿದೆಯಲ್ಲ ಎಂದು ಹಿಂದೆ ಬರುತ್ತಿತ್ತು. ಸತ್ತ ನಾಲಿಗೆಯನ್ನು ನಂಬಿ ಇಷ್ಟು ವರ್ಷ ಸುಳ್ಳು ಹೇಳದ ಮುಳ್ಳನ್ನು ಬಿಡುವುದುಂಟೇ? ಗಂಡನನ್ನು ಕೇಳಿದರೆ ಅವನು ಬನ್ನನ್ನು ಚಹಾದಲ್ಲಿ ಮುಳುಗಿಸಿ ತಿಂದು, ಏನೂ ಆಗಿಲ್ಲ, ಮೊದಲಿನ ಹಾಗೇ ಇದೆ ಎನ್ನುತ್ತಿದ್ದ. ಅಷ್ಟರಲ್ಲಿ ಕ್ಯಾಂಟೀನಿನ ಮ್ಯಾನೇಜರು, ಆರೋಗ್ಯ ನೋಡಿಕೊಳ್ಳಿ ಎಂಬ ಒಳ್ಳೆಯ ಮಾತಿನ ಜೊತೆಗೆ, ಇನ್ನು ಅರ್ಧ ಕಳಿಸಿದರೆ ಸಾಕೆಂದು ಹೇಳಿಕಳಿಸಿದ.

ಅಂದು ಬನ್ನಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಳು, ಒಲೆ ಮಾರುತ್ತೇನೆಂದು. ಮಗ ಬೇಡವೆಂದ, ಸೊಸೆ ಇನ್ನೊಂದು ತಿಂಗಳು ನೋಡಿ ಎಂದಳು. ಕೈ ಹೋದ ಮೇಲೆ ಒಲೆ ಇಟ್ಟುಕೊಂಡು ಬೂದಿ ಕಾಯಲೇ ಎಂದು ಅವಳು ಇಬ್ಬರ ಬಾಯಿಯನ್ನೂ ಮುಚ್ಚಿಸಿದಳು. ಅವಳ ದುಃಖ ಒಲೆ ಹೋಗುತ್ತದೆಂಬುದಲ್ಲ. ಕತ್ತಲಲ್ಲಿ ಮುಟ್ಟಿದರೂ ಹಿಟ್ಟಿನ ಹದ ಹೇಳುತ್ತಿದ್ದ ಕೈ ತನಗೆ ಹೇಳದೆ ಕೇಳದೆ ಹೊರಟುಹೋಯಿತಲ್ಲ ಎಂಬುದು.

ಒಲೆ ನೋಡಲು ಬಂದವಳು ಹೊಸದಾಗಿ ಬೇಕರಿ ತೆರೆಯಲಿದ್ದ ಒಬ್ಬ ಹೆಂಗಸು. ಒಲೆಯ ಬಾಗಿಲು ತೆರೆದು ಮುಚ್ಚಿ ನೋಡಿ, ಒಳಗೆ ತಲೆ ತೂರಿಸಿ, ಒಪ್ಪಿದಳು. ಬನ್ನಮ್ಮ ತಕ್ಕಡಿಯನ್ನೂ ಅವಳ ಕಡೆಗೆ ಸರಿಸಿ, ಇದನ್ನು ಹಾಗೇ ಕೊಡುತ್ತೇನೆ, ದಿನಾ ಒರೆಸುತ್ತೇನೆಂದು ಮಾತು ಕೊಟ್ಟರೆ ಸಾಕು ಎಂದಳು. ಅದರ ಹಳೆಯ ಮುಖ ನೋಡಿ, ಬಂದವಳು ಅನುಮಾನಿಸಿದಳು.

ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಅದನ್ನು ಸಹಿಸಲಾಗಲಿಲ್ಲ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನದ ಕೆಲಸ ಶುರುವಾಗುವ ಮೊದಲು ಅಲ್ಲಿನ ತೂಕದ ಯಂತ್ರವನ್ನು ಸೊನ್ನೆಗೆ ತಂದೇ ಮುಂದಿನ ಕೆಲಸಕ್ಕೆ ಇಳಿಯುವುದು ಅವಳಿಗೆ ಉಸಿರಾಟದಷ್ಟು ಸಹಜ.

“ಧೈರ್ಯವಾಗಿ ತಗೊಳ್ಳಿ ಅಕ್ಕಾ, ಒಂಚೂರೂ ತಪ್ಪು ತೋರಿಸಲ್ಲ” ಎಂದಳು. “ಮೊದಲು ಒಂದು ಗೆರೆ ಕಮ್ಮಿ ತೋರಿಸ್ತಿತ್ತು. ಅತ್ತೆಗೆ ಜ್ವರ ಬಂದಾಗ ಈ ಕೋಣೆಯೆಲ್ಲ ತಿಕ್ಕಿದೆನಲ್ಲ, ಆಗ ಹಿಂದಿನ ತಿರುಪು ತಿರುಗಿಸಿ ಸರಿ ಮಾಡಿದೀನಿ.”

ಬನ್ನಮ್ಮ ತಕ್ಕಡಿಗೆ ಬಗ್ಗಿದಳು. ಮುಳ್ಳು ಸೊನ್ನೆಯ ಮೇಲೆ ನೆಟ್ಟಗೆ, ಶಿಸ್ತಾಗಿ ನಿಂತಿತ್ತು. ದಿನವೂ ಒರೆಸುವ ಮುಖವನ್ನು ದಿನವೂ ನೋಡುತ್ತಿದ್ದೇನೆಂದುಕೊಂಡದ್ದೇ ತಪ್ಪು. ಅವಳು ನೋಡುತ್ತಿದ್ದದ್ದು ಮುಳ್ಳು ಮುಟ್ಟಬೇಕಾದ ಗೆರೆಯನ್ನು, ಹೊರಡುವ ಜಾಗವನ್ನಲ್ಲ.

“ಹಾಗಾದ್ರೆ ನಾನು ಒಂದು ಗೆರೆ ಉಪ್ಪು ಅಂತ ಹಾಕ್ತಿದ್ದಿದ್ದು?” ಎಂದಳು ಮೆಲ್ಲಗೆ.

ಸೊಸೆಯ ಮುಖ ಬಿಳಿಚಿತು. ಅವಳ ತಲೆಯಲ್ಲಿ ಲೆಕ್ಕ ಓಡುವುದು ಕಣ್ಣಿಗೇ ಕಾಣುತ್ತಿತ್ತು. “ಎರಡು ಗೆರೆ, ಅತ್ತೆ. ಮುಳ್ಳು ಸೊನ್ನೆಗೆ ಬರೋಕೇ ಒಂದು ಗೆರೆ ಹೋಗ್ತಿತ್ತಲ್ಲ. ಯೀಸ್ಟೂ ಅಷ್ಟೇ. ಹಿಟ್ಟಿಗೆ ಒಂದು ಗೆರೆ ಆಚೀಚೆ ಆದ್ರೆ ಗೊತ್ತೇ ಆಗಲ್ಲ. ಉಪ್ಪಿಗೆ, ಯೀಸ್ಟಿಗೆ ಅದು ಅರ್ಧಕ್ಕರ್ಧ. ನಾನು... ಒಳ್ಳೇದಾಗ್ಲಿ ಅಂತ ಮಾಡಿದೆ.”

ಬನ್ನಮ್ಮ ಸ್ಟೂಲಿನ ಮೇಲೆ ಕುಳಿತಳು. ಸೊಸೆ ಬೈಗುಳಕ್ಕೆ ಕಾಯುತ್ತ ನಿಂತಳು. ಆದರೆ ಅತ್ತೆ ತನ್ನ ಕೈಗಳನ್ನು ಮಡಿಲಲ್ಲಿಟ್ಟು, ಒಂದರಿಂದ ಇನ್ನೊಂದನ್ನು ಸವರುತ್ತಿದ್ದಳು, ದೂರದ ಊರಿಂದ ಬಂದ ಮಕ್ಕಳ ಬೆನ್ನು ಸವರುವಂತೆ. ಕಣ್ಣು ತುಂಬಿತ್ತು. ನಗುವೂ ಬರುತ್ತಿತ್ತು.

“ಪಕ್ಕದ ಮನೆ ಕೂಸನ್ನೂ ಇದರಲ್ಲೇ ತೂಗಿದ್ದು ಕಣೇ” ಎಂದಳು. “ಅದೂ ತಪ್ಪೇನು?”

“ನೀವಂದುಕೊಂಡಿದ್ದಕ್ಕಿಂತ ಒಂದು ಗೆರೆ ಜಾಸ್ತಿನೇ ಇತ್ತು ಅಂತಾಯ್ತು. ಬೆಳೆದ ಲೆಕ್ಕ ಮಾತ್ರ ಸರೀನೇ ಅತ್ತೆ.”

ಒಲೆ ಕೊಳ್ಳಲು ಬಂದವಳು ಬ್ಯಾಗು ಹೆಗಲಿಗೇರಿಸಿಕೊಂಡಳು. ವ್ಯಾಪಾರ ಮುರಿದದ್ದು ಅವಳಿಗೆ ಯಾರೂ ಹೇಳದೆಯೇ ತಿಳಿದಿತ್ತು. ಬನ್ನಮ್ಮ ಅವಳ ಕೈ ಹಿಡಿದು ಕ್ಷಮೆ ಕೇಳಿ, ಒಲೆ ಎಲ್ಲಿ ಮಾಡಿಸಬೇಕು, ಇಟ್ಟಿಗೆ ಎಂಥದ್ದಿರಬೇಕು ಎಂಬುದನ್ನೆಲ್ಲ ಗೇಟಿನವರೆಗೂ ಹೇಳುತ್ತ ಹೋಗಿ ಬಂದಳು.

ಸೊಸೆ, ಇನ್ನು ಮುಂದೆ ಎರಡು ಗೆರೆ ಎಂದು ಲೆಕ್ಕ ಇಟ್ಟುಕೊಂಡರಾಯಿತು ಎಂದಳು. ಬನ್ನಮ್ಮ ಒಪ್ಪಲಿಲ್ಲ. ಕೈಗೆ ಒಂದು ಗೆರೆ ಅಭ್ಯಾಸವಾಗಿದೆ, ಮುಳ್ಳನ್ನು ಮೊದಲಿದ್ದಲ್ಲಿಗೇ ಕಳಿಸು ಎಂದಳು.

“ಗೊತ್ತಿದ್ದೂ ಗೊತ್ತಿದ್ದೂ ತಪ್ಪಿಡೋದಾ? ಲ್ಯಾಬಲ್ಲಿ ಹೀಗೆ ಮಾಡಿದ್ರೆ ನನ್ನ ಕೆಲಸ ಹೋಗುತ್ತೆ, ಅತ್ತೆ.”

“ಇಲ್ಲಿ ಮಾಡದಿದ್ರೆ ನನ್ನ ಕೆಲಸ ಹೋಗುತ್ತೆ. ತಿರುಗಿಸು.”

ಸೊಸೆ ತುಟಿ ಕಚ್ಚಿ ತಿರುಪು ತಿರುಗಿಸಿದಳು. ಮುಳ್ಳು ಹಿಂದಕ್ಕೆ ಸರಿದು, ತನ್ನ ಹಳೆಯ ಮೂಲೆಯಲ್ಲಿ ನಾಚಿಕೊಂಡು ನಿಂತಿತು. ಇಬ್ಬರೂ ಸೇರಿ ಹಿಟ್ಟು ತೂಗಿದರು, ತಟ್ಟೆ ಒರೆಸಿದರು, ಉಪ್ಪು ತೂಗಿದರು. ಸಂಜೆಯ ಬಿಸಿಲು ಮೇಜಿನಿಂದ ಇಳಿಯುವ ಹೊತ್ತಿಗೆ ಮುಚ್ಚಿದ್ದ ಬಟ್ಟೆಯನ್ನು ಹಿಟ್ಟು ತಾನೇ ಎತ್ತಿ ಹಿಡಿದಿತ್ತು.

ಬಿಸಿ ಬನ್ನೊಂದನ್ನು ಗಂಡ ಚಹಾ ಇಲ್ಲದೆಯೇ ಮುರಿದು ಬಾಯಿಗಿಟ್ಟುಕೊಂಡ. ಆಮೇಲೆ, ನಿನ್ನ ಜ್ವರ ಬಿಟ್ಟ ಲಾಗಾಯ್ತು ತಿಂದದ್ದು ಏನೆಂದು ದೇವರೇ ಬಲ್ಲ ಎಂದ.

ಬನ್ನಮ್ಮ ಸೊಂಟಕ್ಕೆ ಕೈಯಿಟ್ಟಳು. “ಇಷ್ಟು ದಿನ ಹೇಳೋಕೆ ಏನಾಗಿತ್ತು? ಬಾಯಲ್ಲಿ ಏನಿಟ್ಕೊಂಡಿದ್ರಿ?”

“ನಿನ್ನ ಬನ್ನು” ಎಂದ ಅವನು, ಮತ್ತೊಂದಕ್ಕೆ ಕೈ ಚಾಚುತ್ತ.

ಅವಳು ಬನ್ನಿನ ತಟ್ಟೆಯನ್ನು ಈಚೆಗೆಳೆದುಕೊಂಡಳು. ಮೊದಲನೆಯದನ್ನು ಸೊಸೆ ತಿನ್ನಬೇಕಿತ್ತು. ಅದು ತಪ್ಪಿದ್ದಕ್ಕೆ ಎರಡನೆಯದನ್ನೂ ಮೂರನೆಯದನ್ನೂ ಅವಳ ಕೈಗಿಟ್ಟು, ನಾಳೆ ಬೆಳಿಗ್ಗೆ ಕ್ಯಾಂಟೀನಿಗೆ ಪೂರ್ತಿ ಬುಟ್ಟಿ ಹೋಗಲಿ, ಬೇಡವೆಂದರೆ ತಿಂದು ನೋಡಿ ಬೇಡವೆನ್ನಲಿ ಎಂದು ಗಂಡನಿಗೆ ಹೇಳಿ, ಮತ್ತೆ ಹಿಟ್ಟಿನ ಡಬ್ಬ ತೆಗೆದಳು.