ಅರಸರ ತೋಟದ ದಾಸವಾಳ

ದಾಸವಾಳದ ಗೆಲ್ಲು ಲಟಕ್ಕೆಂದು ಮುರಿಯಿತು. ರಾಜೀವಿ ಅದನ್ನು ಸೆರಗಿನೊಳಗೆ ಸೇರಿಸುವಷ್ಟರಲ್ಲಿ ಹಿಂದಿನಿಂದ ಸೀಟಿ ಕೇಳಿಸಿತು.

ಶಿರಸಿಯ ಈ ಉದ್ಯಾನವನಕ್ಕೆ ಹಳಬರು ಈಗಲೂ ಅರಸರ ತೋಟ ಎಂದೇ ಅನ್ನುತ್ತಾರೆ. ಅರಸರ ಕಾಲದ ಕಲ್ಲುಕೊಳ, ಅದರ ಸುತ್ತ ದಾಸವಾಳದ ಸಾಲು, ಉಳಿದದ್ದು ಇಷ್ಟೇ. ಈಗ ಹುಲ್ಲುಹಾಸು ಬಂದಿದೆ, ವಾಕಿಂಗಿಗೆ ದಾರಿ ಬಂದಿದೆ, ಗಿಡಗಳನ್ನೆಲ್ಲ ಚೆಂಡಿನ ಹಾಗೆ ಕತ್ತರಿಸಿಟ್ಟಿದ್ದಾರೆ. ಒಂದರಲ್ಲೂ ಹೂವಿಲ್ಲ. ರಾಜೀವಿ ಮೂರು ಸುತ್ತು ಬಂದು, ಎಲೆ ಮುಟ್ಟಿ ಮುಟ್ಟಿ ನೋಡಿ ತನ್ನ ಗಿಡದ ಗುರುತು ಹಿಡಿದಿದ್ದಳು. ಅರಳಿದರೆ ಬಿಳಿಯ ಎಸಳು, ನಡುವೆ ಕುಂಕುಮದ ಕೆಂಪು. ಆ ಹೂವು ಬೇರೆಲ್ಲೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಕಾವಲಿನ ಚನ್ನಬಸವ ಬನವಾಸಿ ಕಡೆಯವನು. ಹತ್ತಿರ ಬಂದವನು ಮುದುಕಿಯನ್ನು ಕಂಡು ದನಿ ತಗ್ಗಿಸಿದ. ಬೋರ್ಡು ಓದಲಿಲ್ಲವೇ ಎಂದು ಕೇಳಿದ. ಓದಿದ್ದೆ ಎಂದಳು. ಮಂಚಿಕೇರಿಯ ಮನೆಯಲ್ಲಿದ್ದ ಗಿಡ ಈ ಮಳೆಗಾಲದಲ್ಲಿ ಕೊಳೆತುಹೋಯಿತು, ಅದೂ ನಲವತ್ತು ವರ್ಷದ ಹಿಂದೆ ಇಲ್ಲಿಂದಲೇ ಮುರಿದೊಯ್ದದ್ದು ಎಂದು ಮುಚ್ಚಿಡದೆ ಹೇಳಿದಳು.

"ಹಂಗಾರ ಇದು ಎರಡನೇ ಕಳವು ಅನ್ರಿ," ಚನ್ನಬಸವ ನಕ್ಕ. "ಆವಾಗ ಕಾಯೋರು ಯಾರೂ ಇರ್ಲಿಲ್ಲೇನು?"

"ಇದ್ದಿದ್ದ ತಮ್ಮಾ. ಗೌರಕ್ಕ ಅವನ ಹತ್ರ ಅರಸರ ಕಥೆ ಕೇಳ್ತಾ ನಿಂತಿದ್ಲು. ಮುರಿಯೋದು ನನ್ನ ಕೆಲಸ."

"ಈ ಸಲ ಅವರನ್ನ ಯಾಕ ಕರಕೊಂಡು ಬರ್ಲಿಲ್ರಿ?"

ರಾಜೀವಿ ಕೊಳದ ಕಡೆ ನೋಡಿದಳು. ಗೌರಕ್ಕ ಬೇಲಿಯಾಚೆಯ ಮನೆಯವಳು. ಎಲ್ಲಿಗೆ ಹೋದರೂ ಇಬ್ಬರೂ ಬರಿಗೈಲಿ ಬಂದವರಲ್ಲ. "ಆನು ಮಾತಿಗೆ ಹಿಡೀತೆ, ನೀನು ಮುರಿ," ಎಂದು ಕಿವಿಯಲ್ಲಿ ಹೇಳಿ ಗೌರಕ್ಕ ಮುಂದೆ ಹೋಗುತ್ತಿದ್ದಳು. ತಂದ ಗೆಲ್ಲು ಬಸ್ ಸ್ಟ್ಯಾಂಡಿನಲ್ಲೇ ಎರಡಾಗಿ ಎರಡು ಅಂಗಳ ಸೇರುತ್ತಿತ್ತು. ಆಷಾಢದಲ್ಲಿ ಅವಳು ತೀರಿಕೊಂಡಳು. ಅವಳ ಗಿಡವಿದ್ದ ಜಾಗಕ್ಕೆ ಈಗ ಸಿಮೆಂಟು ಹಾಕಿದ್ದಾರೆ.

"ಅವಳಿಲ್ಲ," ಎಂದಳು.

ಚನ್ನಬಸವ ಸೀಟಿಯನ್ನು ಜೇಬಿಗಿಟ್ಟ. "ಚೀಲದಾಗ ಇಟ್ಕೊಳ್ರಿ ಅವ್ವಾ, ಯಾರರೆ ನೋಡ್ಯಾರು," ಎಂದು ಗೇಟಿನ ತನಕ ಜೊತೆಗೆ ಬಂದ.

ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ರಾಜೀವಿ ಒಂದು ಹಾಳೆ ಪೇಪರು ನೆನೆಸಿದಳು. ಗೆಲ್ಲನ್ನು ಮಂಡಿಗೆ ಒತ್ತಿ, ಯಾವಾಗಿನಂತೆ, ಸರಿಯಾಗಿ ನಡುವೆ ಎರಡು ತುಂಡು ಮಾಡಿದಳು. ಒಂದನ್ನು ಸುತ್ತಿ ಚೀಲದೊಳಗಿಟ್ಟಳು. ಇನ್ನೊಂದನ್ನು ಪಕ್ಕಕ್ಕೆ ಚಾಚಿದ ಕೈ ಅಲ್ಲೇ ನಿಂತಿತು.

ಯಲ್ಲಾಪುರದ ಬಸ್ಸು ಬಂತು. ಆ ತುಂಡನ್ನು ಹಿಡಿದುಕೊಂಡೇ ಹತ್ತಿದಳು. ಕಿಟಕಿಯ ಗಾಳಿಗೆ ಅದರ ಎರಡು ಎಲೆಗಳು ಮಂಚಿಕೇರಿಯ ತನಕ ಅಲುಗುತ್ತಿದ್ದವು.