ಹಿಡಿಯೊಳಗಿನ ಹೆಸರು

ನಿಮಗೆ ವಿದ್ಯೆ ಕಲಿಸಿದವರು ಅದರ ಜೊತೆಗೊಂದು ತಪ್ಪನ್ನೂ ಕಲಿಸಿಹೋಗಿದ್ದಾರೆಂದು ಕಣ್ಣಾರೆ ಕಂಡ ದಿನ ನೀವೇನು ಮಾಡಿದಿರಿ? ಗೌರವದ ಹೆಸರಿನಲ್ಲಿ ಬಾಯಿ ಮುಚ್ಚಿಕೊಂಡು, ಅದೇ ತಪ್ಪನ್ನು ನಿಮ್ಮ ಕಿರಿಯರ ಕೈಗೂ ದಾಟಿಸಲಿಲ್ಲವೇ?

ಒಕಾಯಾಮಾ ನಗರದ ಸಭಾಭವನದಲ್ಲಿ ಆ ಭಾನುವಾರ ಈ ಪ್ರಶ್ನೆ ಮಿಸಾವೊಳ ಎದುರು ಬಂದು ನಿಂತಾಗ ಅವಳ ಕೈಯಲ್ಲಿದ್ದದ್ದು ಒಂದು ಚೀಟಿ ಮಾತ್ರ. ಎದುರಿನ ಮೇಜಿನ ಮೇಲೆ ಐದು ಹಳೆಯ ಖಡ್ಗಗಳು. ಹಿಡಿಯೊಳಗೆ ಅಡಗುವ ಬುಡದ ಭಾಗಕ್ಕೆ ಬಿಳಿಯ ಬಟ್ಟೆ ಸುತ್ತಿದ್ದರು. ಕಮ್ಮಾರ ತನ್ನ ಹೆಸರನ್ನು ಕೊರೆಯುವುದು ಅಲ್ಲಿಯೇ. ಬಂದವರು ಅಲಗಿಗೆ ತಲೆಬಾಗಿ, ಉಸಿರು ತಾಗದಂತೆ ಕೈಗೆತ್ತಿಕೊಂಡು, ದೀಪದ ಕೆಳಗೆ ಹಿಡಿದು ನೋಡಿ, ಇದು ಇಂಥವನ ಕೈಯದು ಎಂದು ಚೀಟಿಯಲ್ಲಿ ಬರೆದು ಕೊಡಬೇಕು. ತೀರ್ಪುಗಾರರು ಅದರ ಮೇಲೆ ‘ಹೌದು’, ‘ಹತ್ತಿರ’, ‘ಅಲ್ಲ’ ಎಂಬ ಮೂರರಲ್ಲೊಂದನ್ನು ಬರೆದು ಹಿಂದಿರುಗಿಸುತ್ತಾರೆ.

ಮೂರನೆಯ ಖಡ್ಗವನ್ನು ಕಂಡೊಡನೆ ಮಿಸಾವೊಳ ಮನಸ್ಸು ಅರಳಿತ್ತು. ಅಂಚಿನುದ್ದಕ್ಕೂ ಓಡುವ ಬೆಳ್ಳನೆಯ ಗೆರೆಯಲ್ಲಿ, ಉಕ್ಕಿಗೆ ಹದ ಕೊಟ್ಟಾಗ ಮೂಡಿದ ಲವಂಗದ ಮೊಗ್ಗಿನಂಥ ಆಕೃತಿಗಳು ಒಂದೇ ಅಳತೆಯಲ್ಲಿ, ಪ್ರಾರ್ಥನೆಗೆ ಸಾಲು ನಿಂತ ಶಾಲೆಯ ಮಕ್ಕಳಂತೆ ನಿಂತಿದ್ದವು. ಮಿತ್ಸುಹಾರು ಎಂಬ ಮಹಾ ಕಮ್ಮಾರನ ಗುರುತೇ ಈ ಶಿಸ್ತು ಎಂದು ಅವಳ ತಂದೆ ಹೇಳಿಕೊಟ್ಟಿದ್ದರು. ಅವಳು ತಡಮಾಡದೆ ಆ ಹೆಸರನ್ನು ಬರೆದಳು. ಚೀಟಿ ಮರಳಿ ಬಂದಾಗ ಅದರ ಮೇಲೆ ‘ಅಲ್ಲ’ ಎಂದಿತ್ತು.

ಅವಳದೊಂದೇ ಅಲ್ಲ. ಅವಳ ಊರಿನ ಖಡ್ಗಪ್ರಿಯರ ಸಂಘದಿಂದ ಬಂದಿದ್ದ ಎಲ್ಲರ ಚೀಟಿಯಲ್ಲೂ ಅದೇ ಹೆಸರು, ಅದೇ ‘ಅಲ್ಲ’. ಬಟ್ಟೆ ಬಿಚ್ಚಿದಾಗ ಕಂಡದ್ದು ಸುಕೆನಾರಿ ಎಂಬ ನಂತರದ ಕಾಲದ ಕಮ್ಮಾರನ ಹೆಸರು. ನಿಜವಾದ ಮಿತ್ಸುಹಾರು ಖಡ್ಗ ಮೊದಲನೆಯ ಸ್ಥಾನದಲ್ಲೇ ಮಲಗಿತ್ತು. ಅವಳ ಊರಿನವರಲ್ಲಿ ಒಬ್ಬರೂ ಅದನ್ನು ಗುರುತಿಸಿರಲಿಲ್ಲ.

"ಮಿತ್ಸುಹಾರು ಮೊಗ್ಗುಗಳು ಒಂದನ್ನೊಂದು ತಳ್ಕೊಂಡು ಬರ್ತವೆ, ಜಾತ್ರೆ ಜನದ ಹಾಗೆ. ಒಂದರ ಹಾಗೆ ಇನ್ನೊಂದಿರಲ್ಲ," ಎಂದರು ತೀರ್ಪುಗಾರರು. ಆಮೇಲೆ ಚೀಟಿಗಳ ಕಟ್ಟನ್ನು ತಿರುವಿ ನಕ್ಕರು. "ಒಂದೇ ಊರಿನ ಮಂದಿ, ಎಲ್ಲರದ್ದೂ ಒಂದೇ ತಪ್ಪು. ಯಾರದ್ದನ್ನ ಯಾರು ನೋಡ್ಕೊಂಡು ಬರೆದ್ರಿ?"

ಸಭೆ ನಕ್ಕಿತು. ಸಂಘದ ಹಿರಿಯ, ಕ್ಷೌರದಂಗಡಿಯ ಸೊನೊಡ ಮಾತ್ರ ಎದ್ದು ನಿಂತರು. "ನೋಡಿ ಬರೆಯೋ ಜನ ನಾವಲ್ಲ ಸ್ವಾಮಿ. ನಮಗೆಲ್ಲ ಕಲಿಸಿದ ಮೇಷ್ಟ್ರು ಒಬ್ಬರೇ."

ಅವರು ಹೆಮ್ಮೆಯಿಂದಲೇ ಹೇಳಿದರು. ಆದರೆ ಆ ಮಾತು ಮಿಸಾವೊಳ ಎದೆಗೆ ಮುಳ್ಳಿನಂತೆ ನಾಟಿತು. ಆ ಮೇಷ್ಟ್ರು ಅವಳ ತಂದೆ. ಶಾಲೆಯ ಮೇಷ್ಟ್ರಾಗಿದ್ದುಕೊಂಡೇ ಸಂಘ ಕಟ್ಟಿದವರು, ಮೂರು ವರ್ಷದ ಹಿಂದೆ ತೀರಿಕೊಂಡವರು. ಅವಳೂ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಒಬ್ಬ ಹುಡುಗ ತಪ್ಪಿದರೆ ಅದು ಅವನ ತಪ್ಪು. ಇಡೀ ತರಗತಿ ಒಂದೇ ತಪ್ಪು ಬರೆದರೆ ಹುಡುಕಬೇಕಾದದ್ದು ಕರಿಹಲಗೆಯ ಮೇಲೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಂದೆಯ ಕರಿಹಲಗೆ ಯಾವುದೆಂಬುದೂ ಗೊತ್ತಿತ್ತು. ಮಿತ್ಸುಹಾರುವಿನ ಹೆಸರು ಹೊತ್ತ ಒಂದು ಖಡ್ಗ ಅವರ ಮನೆಯಲ್ಲಿತ್ತು. ಊರಿನವರೆಲ್ಲ ಕಣ್ಣು ಪಳಗಿಸಿಕೊಂಡದ್ದು ಅದೊಂದರ ಮೇಲೆಯೇ.

ಮರುದಿನ ಬೆಳಿಗ್ಗೆ ಬಿಸಿಲು ಜಗಲಿಗೆ ಬಂದಾಗ ಅವಳು ಆ ಖಡ್ಗವನ್ನು ಹೊರತೆಗೆದಳು. ಬಿದಿರಿನ ಮೊಳೆಯನ್ನು ಮೆಲ್ಲಗೆ ತಟ್ಟಿ ತೆಗೆದು, ಹಿಡಿಯನ್ನು ಕಳಚಿದಳು. ಅಲಗಿಗೆ ಸವರುವ ಲವಂಗದ ಎಣ್ಣೆಯ ವಾಸನೆಯೊಂದಿಗೆ ಬಾಲ್ಯದ ಭಾನುವಾರಗಳೆಲ್ಲ ಮೂಗಿಗೆ ಬಂದವು. ಬುಡದ ತುಕ್ಕು ಹಳೆಯ ಕಬ್ಬಿಣದ ಬಾಣಲೆಯಂತೆ ಕಪ್ಪಾಗಿ, ನುಣ್ಣಗೆ, ಆಳವಾಗಿತ್ತು. ಅದನ್ನು ಯಾರೂ ಉಜ್ಜುವುದಿಲ್ಲ. ಖಡ್ಗದ ವಯಸ್ಸಿಗೆ ಅದೇ ಸಾಕ್ಷಿ. ಅವಳು ಎಷ್ಟು ಸಲ ಈ ಬುಡವನ್ನು ನೋಡಿದ್ದಳೋ ಲೆಕ್ಕವಿಲ್ಲ. ಪ್ರತಿಸಲವೂ ಹೆಸರನ್ನು ಓದಿ ತೃಪ್ತಳಾಗಿದ್ದಳು. ಈ ಸಲ ಹೆಸರನ್ನು ಓದದೆ ಅಕ್ಷರಗಳ ಒಳಗನ್ನು ನೋಡಿದಳು. ಉಳಿಯ ಗೀರುಗಳೊಳಗಿನ ತುಕ್ಕು ಕಪ್ಪಾಗಿರಲಿಲ್ಲ, ಇಟ್ಟಿಗೆಯ ಬಣ್ಣಕ್ಕಿತ್ತು. ಬುಡ ಮುದಿಯಾದ ಎಷ್ಟೋ ಕಾಲದ ಮೇಲೆ ಯಾರೋ ಆ ತುಕ್ಕನ್ನು ಸೀಳಿ ದೊಡ್ಡವನ ಹೆಸರನ್ನು ಕೊರೆದಿದ್ದರು.

ಬರುವ ಶನಿವಾರ ಸಂಘದಲ್ಲಿ ಹೊಸಬರ ತರಗತಿ ಆರಂಭವಾಗಲಿತ್ತು. ಮೊದಲ ಪಾಠಕ್ಕೆ ಮೇಷ್ಟ್ರ ಖಡ್ಗವನ್ನು ಇಡುವುದು ವಾಡಿಕೆ. ಇಟ್ಟು, ಇದು ಮಿತ್ಸುಹಾರು ಎಂದು ಹೇಳಬೇಕಾದವಳು ಅವಳೇ.

ಅವಳು ನೇರವಾಗಿ ಸೊನೊಡರ ಅಂಗಡಿಗೆ ಹೋದಳು. ಕುರ್ಚಿಯಲ್ಲಿ ಸಂಘದ ಇನ್ನೊಬ್ಬ ಸದಸ್ಯ, ಮೀನಂಗಡಿಯ ಯುನೊಕಿ, ಮುಖಕ್ಕೆ ನೊರೆ ಬಳಿಸಿಕೊಂಡು ಒರಗಿದ್ದ. ಅವಳು ಕಂಡದ್ದನ್ನು ಕಂಡಂತೆ ಹೇಳಿದಳು. ಸೊನೊಡರ ಕ್ಷೌರದ ಕತ್ತಿ ಯುನೊಕಿಯ ಗಂಟಲ ಬಳಿ ನಿಂತುಬಿಟ್ಟಿತು.

"ನಗರದವನು ಒಂದು ಮಾತು ಅಂದ ಅಂತ ಹೆತ್ತಪ್ಪನ ಮೇಲೆ ಕೆಸರು ಹಾಕ್ತೀಯಾ ಮಗೂ?"

"ಅವರು ಅಂದಿದ್ದಕ್ಕಲ್ಲ ಸೊನೊಡ ಮಾಮ. ನನ್ನ ಕಣ್ಣಾರೆ ನೋಡಿದೆ. ನೀವೂ ಬಂದು ನೋಡಿ."

"ನಾನು ನೋಡೋದೇನು? ನಲವತ್ತು ವರ್ಷ ನೋಡಿದೀನಿ."

"ಮಾಮ," ಎಂದ ಯುನೊಕಿ ತುಟಿ ಅಲುಗಿಸದೆ, "ಸಿಟ್ಟು ಮಾಡ್ಕೊಳ್ಳೋದಾದ್ರೆ ಮೊದಲು ಆ ಕತ್ತಿ ಕೆಳಗಿಡಿ. ಅದು ಯಾರ ಕೈಯದಾದ್ರೂ ಕುಯ್ಯತ್ತೆ."

ಸೊನೊಡ ನಗಲಿಲ್ಲ. ಕತ್ತಿಯನ್ನು ಒರೆಸಿ ಕೆಳಗಿಟ್ಟರು. "ಮೇಷ್ಟ್ರು ಸುಳ್ಳು ಹೇಳಿದ್ರು ಅಂತ ಆ ಹೊಸಬರ ಮುಂದೆ ಹೇಳ್ತೀಯಾ? ಹೋದವರು ಎದ್ದು ಬಂದು ಉತ್ತರ ಕೊಡೋಕಾಗಲ್ಲ ಅಂತ ಧೈರ್ಯ, ಅಲ್ವಾ?"

ಮಿಸಾವೊಳ ಕಣ್ಣು ತುಂಬಿತು. ದನಿ ಮಾತ್ರ ನಡುಗಲಿಲ್ಲ. "ಅಪ್ಪ ಸುಳ್ಳು ಹೇಳಲಿಲ್ಲ. ತಪ್ಪು ಹೇಳಿದ್ರು. ಜೀವನವೆಲ್ಲ ಮಕ್ಕಳನ್ನ ಸಾಲು ನಿಲ್ಲಿಸಿದವರು ಅವರು. ಸಾಲಾಗಿರೋದೆಲ್ಲ ಅವರಿಗೆ ದೊಡ್ಡದಾಗಿ ಕಾಣ್ತಿತ್ತು. ಆದ್ರೆ ನೋಡಿದ ಮೇಲೂ ನಾನು ಅದನ್ನೇ ಹೇಳಿದ್ರೆ, ಆಗ ಅದು ಸುಳ್ಳಾಗತ್ತೆ. ಆ ಸುಳ್ಳು ಅಪ್ಪನ ಹೆಸರಲ್ಲೇ ನಡೀಬೇಕಾ ಮಾಮ?"

ಸೊನೊಡ ನೊರೆಯ ಬಟ್ಟಲಿನೊಳಗೆ ಕುಂಚವನ್ನು ಸುಮ್ಮನೆ ತಿರುವುತ್ತ ನಿಂತರು.

"ಅರ್ಧ ಗಡ್ಡದಲ್ಲಿ ನನ್ನನ್ನ ಮನೆಗೆ ಕಳಿಸ್ತೀರೋ ಹೇಗೆ?" ಎಂದು ಯುನೊಕಿ ಗೊಣಗಿದ.

ಶನಿವಾರ ಸಂಘದ ಮಹಡಿಯಲ್ಲಿ ಹೊಸಬರು ಮೊಣಕಾಲೂರಿ ಕೂತಿದ್ದರು: ಒಬ್ಬ ಅಂಚೆಯವನು, ಇಬ್ಬರು ಗೃಹಿಣಿಯರು, ಪೀಚ್ ತೋಟದ ಒಬ್ಬ ರೈತ. ಗೋಡೆಯ ಮೇಲೆ ತಂದೆಯ ಭಾವಚಿತ್ರ. ಮಿಸಾವೊ ಖಡ್ಗವನ್ನು ಮೇಜಿನ ಮೇಲಿಟ್ಟು ಬುಡಕ್ಕೆ ಬಿಳಿಯ ಬಟ್ಟೆ ಸುತ್ತಿದಳು. ಹಿಂದೆಂದೂ ಈ ಖಡ್ಗಕ್ಕೆ ಬಟ್ಟೆ ಸುತ್ತಿದ್ದಿಲ್ಲ. ಅದರ ಹೆಸರನ್ನು ತೋರಿಸಿಯೇ ಪಾಠ ಶುರುವಾಗುತ್ತಿತ್ತು. ಹಳೆಯ ಸದಸ್ಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಸೊನೊಡರ ಚಾಪೆ ಖಾಲಿಯಾಗಿತ್ತು.

"ಇದು ನಮ್ಮ ತಂದೆಯವರ ಕತ್ತಿ," ಎಂದಳು. "ಇದರ ಬುಡದಲ್ಲಿ ಒಂದು ದೊಡ್ಡ ಹೆಸರಿದೆ. ಆ ಹೆಸರು ಆಮೇಲೆ ಕೊರೆದದ್ದು ಅಂತ ನನಗೆ ಈ ವಾರ ಕಂಡಿತು. ಕಂಡದ್ದನ್ನ ಆಮೇಲೆ ನಿಮಗೂ ತೋರಿಸ್ತೀನಿ. ಮೊದಲು ಹೆಸರಿಲ್ಲದೆ ಇದನ್ನ ನೋಡಿ."

ಮೊದಲು ಎತ್ತಿಕೊಂಡವನು ಪೀಚ್ ತೋಟದ ರೈತ. ಉಸಿರು ಬಿಗಿಹಿಡಿದು, ಅಲಗನ್ನು ದೀಪದತ್ತ ವಾಲಿಸಿ ಬಹಳ ಹೊತ್ತು ನೋಡಿದ. ಕೆಳಗಿಟ್ಟು, ದೂರ ಸರಿದು, ಆಮೇಲೆ ಉಸಿರು ಬಿಟ್ಟ.

"ಯಾರು ಮಾಡಿದ್ದೋ ನನಗೆ ತಿಳೀದು ಅಮ್ಮ. ಆದ್ರೆ ಮಾಡಿದವನು ಒಂದು ಮೊಗ್ಗನ್ನೂ ಬೇಜಾರಿನಲ್ಲಿ ಮಾಡಿಲ್ಲ."

ಮಿಸಾವೊ ಥಟ್ಟನೆ ಅಲಗಿನತ್ತ ನೋಡಿದಳು. ವಾರವಿಡೀ ಅವಳು ಅದರಲ್ಲಿ ಇಲ್ಲದ್ದನ್ನಷ್ಟೇ ನೋಡಿದ್ದಳು, ಇದ್ದ ಕುಸುರಿಯನ್ನಲ್ಲ.

ಆಗ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆಗಳು ಕೇಳಿದವು. ಸೊನೊಡ ಬಂದರು, ಹಬ್ಬಕ್ಕೆ ಹಾಕುವ ಕಪ್ಪು ಅಂಗಿ ತೊಟ್ಟಿದ್ದರು. ಹೊಸಬರ ಸಾಲಿನ ಕೊನೆಯಲ್ಲಿ ಕೂತರು. ತಮ್ಮ ಸರದಿ ಬಂದಾಗ ಭಾವಚಿತ್ರಕ್ಕೊಮ್ಮೆ, ಖಡ್ಗಕ್ಕೊಮ್ಮೆ ತಲೆಬಾಗಿ ಅಲಗನ್ನು ಎತ್ತಿ ಹಿಡಿದರು. ಅವರ ಕೈಗೆ ಅದರ ತೂಕ ತಮ್ಮ ಕ್ಷೌರದ ಕತ್ತಿಯದಷ್ಟೇ ಪರಿಚಿತ. ಆದರೂ ಇಂದು ಹೊಸದನ್ನು ಕಾಣುವವರಂತೆ ತುದಿಯಿಂದ ಬುಡದವರೆಗೆ, ಬುಡದಿಂದ ತುದಿಯವರೆಗೆ ನೋಡಿದರು.

"ಒಂದು ಚೀಟಿ ಕೊಡು ಮಗೂ."

ಬರೆದು, ಮಡಚಿ, ಎರಡೂ ಕೈಗಳಿಂದ ಅವಳಿಗೆ ಕೊಟ್ಟರು. ಅವಳು ಬಿಡಿಸಿದಳು. ‘ಸುಕೆನಾರಿ’ ಎಂದಿತ್ತು, ಸಭಾಭವನದ ಮೂರನೆಯ ಖಡ್ಗದ ಬುಡದಲ್ಲಿದ್ದ ಹೆಸರು.

ಮಿಸಾವೊ ಲೇಖನಿ ಹಿಡಿದು ತಡೆದಳು. ‘ಹೌದು’ ಎಂದು ಬರೆಯಲು ಅವಳಿಗೂ ಅಷ್ಟು ತಿಳಿದಿರಲಿಲ್ಲ, ತಿಳಿಯದ್ದನ್ನು ಬರೆಯಲಾರಳು. ‘ಹತ್ತಿರ’ ಎಂದು ಬರೆದು ಹಿಂದಿರುಗಿಸಿದಳು.

ಸೊನೊಡ ಕನ್ನಡಕ ಏರಿಸಿ ಓದಿಕೊಂಡರು. ಅವರ ಬಾಯಿಯ ಒಂದು ಮೂಲೆ ಸಡಿಲವಾಯಿತು. "ನಲವತ್ತು ವರ್ಷದಲ್ಲಿ ಈಗ ಹತ್ತಿರ ಬಂದೆ," ಎಂದು ಚೀಟಿಯನ್ನು ಅಂಗಿಯ ಎದೆಯೊಳಗೆ ಇಟ್ಟುಕೊಂಡರು. ಬಾಗಿಲಲ್ಲಿ ನಿಂತಿದ್ದ ಯುನೊಕಿ ಎಲ್ಲರಿಗೂ ಚಹಾ ಹಾಕಲು ಒಳಗೆ ಹೋದ. ಬಿಳಿಯ ಬಟ್ಟೆ ಸುತ್ತಿದ ಖಡ್ಗ ಹಳೆಯ ಸದಸ್ಯರ ಸಾಲಿಗೆ ದಾಟಿತು.

ಓದುಗರೇ, ನಿಮ್ಮ ಮನೆಯಲ್ಲಿಯೂ ಹಿರಿಯರು ಹೆಸರಿಟ್ಟು ಹೋದದ್ದು ಏನಾದರೊಂದು ಇದ್ದೇ ಇದೆ. ಇಂದು ಅದನ್ನು ಹೊರತೆಗೆಯಿರಿ. ಹೆಸರಿಗೆ ಬಟ್ಟೆ ಸುತ್ತಿ, ಬೆಳಕಿಗೆ ಹಿಡಿದು, ಒಮ್ಮೆ ನೀವೇ ನೋಡಿ.