ವ್ಯಾನಿನ ಪ್ರೇಮಕ್ಕ

ಮಹದೇವು ಕಿಟಕಿಯೊಳಗೆ ಕೈ ತೂರಿಸಿ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದ್ದೇ ತಡ, ವ್ಯಾನು ಕೂಗಿಕೊಳ್ಳತೊಡಗಿತು.

ಹಾರನ್ನಿನ ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ. ಕೀಲಿಯನ್ನೂ ಹಾಕಿರಲಿಲ್ಲ. ಆದರೂ ಒಂದೇ ಉಸಿರಿನ ಆ ಕೂಗು ಕುವೆಂಪುನಗರದ ಅಡ್ಡರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ಹರಿಯಿತು. ನಡುಮನೆಯಲ್ಲಿ ಭಜನೆ ಹೇಳುತ್ತಿದ್ದವರ ತಾಳ ತಪ್ಪಿತು. ಗೋಡೆಗೆ ಒರಗಿಸಿ ಕೂರಿಸಿದ್ದ ಪ್ರೇಮಲೀಲಾಳ ಮುಂದೆ ಊದುಬತ್ತಿ ಹಚ್ಚುತ್ತಿದ್ದ ಪಕ್ಕದ ಮನೆಯಾಕೆ, ಉರಿಯುವ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಅಯ್ಯೋ ನಿಲ್ಸ್ರಪ್ಪ ಅದನ್ನ! ಸಾವಿನ ಮನೇಲಿ ಇದೇನಿದು!"

ಎಲ್ಲರೂ ತಿರುಗಿ ನೋಡಿದ್ದು ಮೆಟ್ಟಿಲ ಮೇಲೆ ಕೂತಿದ್ದ ಮೃತ್ಯುಂಜಯನನ್ನು. ನೋಡಬೇಕಾದ್ದೇ. ಸತ್ತವಳ ಗಂಡ ಅವನು. ಸಾಲದ್ದಕ್ಕೆ ಕುಂಬಾರಕೊಪ್ಪಲಿನಲ್ಲಿ ಗಾಡಿಗಳ ಎಲೆಕ್ಟ್ರಿಕ್ ಕೆಲಸ ಮಾಡುತ್ತಲೇ ತಲೆ ಹಣ್ಣಾದವನು. ಅವನು ಎದ್ದ. ವ್ಯಾನಿನ ಬಾಗಿಲು ತೆಗೆದು, ನೆಲಕ್ಕೆ ಮಂಡಿಯೂರಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಫ್ಯೂಸ್ ಬಾಕ್ಸಿನ ಮುಚ್ಚಳ ಕಿತ್ತ.

ಬಣ್ಣಬಣ್ಣದ ಫ್ಯೂಸುಗಳು ಸಾಲಾಗಿ ಕೂತಿದ್ದವು. ತನ್ನ ಅಂಗಿಯ ಜೇಬಿಗಿಂತ ಹೆಚ್ಚು ಸಲ ಕೈ ಹಾಕಿದ ಪೆಟ್ಟಿಗೆ ಅದು. ಹಾರನ್ನಿನದು ಯಾವುದು? ಒಂದನ್ನು ಎಳೆದ, ಏನೂ ಆಗಲಿಲ್ಲ. ಇನ್ನೊಂದನ್ನು ಎಳೆದ, ಒಳಗಿನ ಪುಟ್ಟ ದೀಪ ಆರಿತು. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕೂತ. ಹಾರನ್ನಿನ ಸದ್ದು ಎಲ್ಲೋ ದೂರದ ಬೀದಿಯಿಂದ ಕೇಳುತ್ತಿರುವ ಹಾಗಿತ್ತು. ಅದನ್ನು ನಿಲ್ಲಿಸಬೇಕಾದವನು ತಾನು ಎಂಬುದೂ ಬೇರೆ ಯಾರದೋ ವಿಷಯದಂತೆ ತೋರಿತು.

"ಅಣ್ಣಾ, ನೀವು ಬುಡಿ. ಈ ಕಡೀಕ್ ಬನ್ನಿ."

ಮಹದೇವೂ ಸ್ಕೂಲ್ ವ್ಯಾನು ಓಡಿಸುವವನು. ಜಯಲಕ್ಷ್ಮಿಪುರಂನ ಶಾಲೆಯ ಮುಂದೆ ವರ್ಷಗಟ್ಟಲೆ ಪ್ರೇಮಲೀಲಾಳ ವ್ಯಾನಿನ ಪಕ್ಕದಲ್ಲೇ ತನ್ನದನ್ನೂ ನಿಲ್ಲಿಸಿಕೊಂಡು ಬಂದವನು. ಅವನು ಆ ಬದಿಯಿಂದ ಹತ್ತಿ, ಸೀಟು ಎತ್ತಿ, ಬ್ಯಾಟರಿಯ ವೈರನ್ನೇ ಕಿತ್ತುಬಿಟ್ಟ.

ಸದ್ದು ಕತ್ತರಿಸಿದಂತೆ ನಿಂತಿತು. ಆ ಮೌನ ತಡೆಯಲಾರದೆ ಒಳಗಿದ್ದ ಹೆಂಗಸರು ಮತ್ತೆ ಅಳಲು ಶುರುಮಾಡಿದರು.

ಹಿಂದಿನ ಮಧ್ಯಾಹ್ನ ಮಕ್ಕಳನ್ನೆಲ್ಲ ಅವರವರ ಮನೆಗೆ ಬಿಟ್ಟು ಬಂದ ಪ್ರೇಮಲೀಲಾ ವ್ಯಾನನ್ನು ಕಾಂಪೌಂಡಿನೊಳಗೆ ತಂದು ನಿಲ್ಲಿಸಿದ್ದಳು. ಎದೆ ಉರಿಯುತ್ತಿದೆ ಎಂದು ಮಲಗಿದವಳು ಏಳಲಿಲ್ಲ. ಈಗ ಅವಳನ್ನು ಕೂರಿಸಿ ಒಯ್ಯುವ ವಿಮಾನ ಬಂದಿತ್ತು. ಬಿದಿರು, ಬಾಳೆಕಂದು, ಚೆಂಡುಹೂವಿನ ಆ ಅಗಲವಾದ ವಿಮಾನ ಗೇಟಿನಿಂದ ಆಚೆ ಹೋಗಬೇಕಾದರೆ ವ್ಯಾನು ಬೀದಿಗೆ ಸರಿಯಬೇಕಿತ್ತು. ಮಹದೇವು ಮತ್ತೆ ಹೊರಗೇ ನಡೆಯುತ್ತ ಸ್ಟೀರಿಂಗ್ ಹಿಡಿದ. ಉಳಿದವರು ಮೂತಿಗೆ ಕೈಕೊಟ್ಟು ಹಿಂದಕ್ಕೆ ತಳ್ಳಿದರು. ಮೃತ್ಯುಂಜಯನೂ ಕೈ ಇಟ್ಟಿದ್ದ. ತಳ್ಳುತ್ತಿದ್ದನೋ ಸುಮ್ಮನೆ ಮುಟ್ಟಿಕೊಂಡಿದ್ದನೋ, ಅವನಿಗೇ ತಿಳಿಯಲಿಲ್ಲ.

*

ತೊಂಬತ್ಮೂರನೇ ಇಸವಿಯಲ್ಲಿ ಇದೇ ವ್ಯಾನು ಅವನ ಅಂಗಡಿಯ ಮುಂದೆ ಬಂದು ನಿಂತಾಗ, ಒಳಗಿನಿಂದ ಇಳಿದ ಹೆಂಗಸನ್ನು ನೋಡಿ ಅವನು ಡ್ರೈವರನನ್ನು ಹುಡುಕಿದ್ದ.

"ಗಾಡಿ ತಂದವರು ಎಲ್ಲಮ್ಮ?"

"ನಾನೇ ತಂದಿದ್ದು. ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಎರಡೂ ಮಿಣುಕ್ತಾವೆ. ಎಡಕ್ಕೆ ಹೋಗ್ತೀನೋ ಬಲಕ್ಕೆ ಹೋಗ್ತೀನೋ ಅಂತ ಹಿಂದಿನೋರು ಬೈತಾರೆ."

ಅವಳ ಮೊದಲ ಗಂಡ ಬಾಡಿಗೆಗೆ ಓಡಿಸಲೆಂದು ಕೊಂಡ ವ್ಯಾನು. ಕಾಮಾಲೆಯಾಗಿ ಅವನು ಹೋದ ಮೇಲೆ ಒಂದು ವರ್ಷ ಟಾರ್ಪಾಲಿನ ಕೆಳಗೆ ನಿಂತಿತ್ತು. ಮಾರಿಬಿಡು ಎಂದವರಿಗೆಲ್ಲ ಹೂಂ ಎನ್ನುತ್ತಲೇ ಪ್ರೇಮಲೀಲಾ ಡ್ರೈವಿಂಗ್ ಕಲಿತು ಮುಗಿಸಿದ್ದಳು. ಸಂಜೆ ಬನ್ನಿ, ಮಾಡಿಟ್ಟಿರ್ತೀನಿ ಎಂದ ಮೃತ್ಯುಂಜಯನ ಮಾತಿಗೆ ಅವಳು ಒಪ್ಪಲಿಲ್ಲ. ಮುರುಕು ಸ್ಟೂಲೊಂದನ್ನು ತಾನೇ ಎಳೆದುಕೊಂಡು ವ್ಯಾನಿನ ಹಿಂದೆ ಕೂತಳು.

"ನನಗೂ ತೋರಿಸಿ. ಮಕ್ಕಳನ್ನ ತುಂಬ್ಕೊಂಡು ರಸ್ತೇಲಿ ನಿಂತ್ರೆ ನಿಮ್ಮನ್ನ ಹುಡುಕ್ಕೊಂಡು ಬರಕ್ಕಾಗುತ್ತಾ?"

ಅವನಿಗೆ ಯಾರಿಗೂ ಕಲಿಸಿ ಅಭ್ಯಾಸವಿರಲಿಲ್ಲ. ಹಿಂದಿನ ದೀಪದ ಗಾಜು ಬಿಚ್ಚಿ, ತುಕ್ಕು ಹಿಡಿದ ಒಂದು ಮೊಳೆಯನ್ನು ಬೆರಳಲ್ಲಿ ತೋರಿಸಿದ.

"ಇದು ಅರ್ತು. ಬ್ಯಾಟರಿಯಿಂದ ಹೊರಟ ಕರೆಂಟು ಬಲ್ಬು ಉರಿಸಿ ಇಲ್ಲಿಂದ ವಾಪಸ್ ಮನೆಗೆ ಹೋಗ್ಬೇಕು. ಇಲ್ಲಿ ತುಕ್ಕು ಹಿಡಿದು ದಾರಿ ಕಟ್ಟಿದೆ. ಅದಕ್ಕೇ ಪಕ್ಕದ ಬಲ್ಬಿನೊಳಗೆ ನುಗ್ಗಿ ಹೋಗ್ತಿದೆ."

"ಅಂದ್ರೆ ಇಂಡಿಕೇಟರಿನ ತಪ್ಪೇನೂ ಇಲ್ಲ."

"ಏನೂ ಇಲ್ಲ."

"ಪಾಪ, ಅದನ್ನ ಎಷ್ಟು ಬೈದೆ" ಎಂದು ಅವಳು ಜೋರಾಗಿ ನಕ್ಕಳು. ಉಪ್ಪುಕಾಗದ ಕೇಳಿ ತಗೊಂಡು ಆ ಮೊಳೆಯನ್ನು ತಾನೇ ತಿಕ್ಕಿದಳು. ಆಮೇಲೆ ತಿಂಗಳಿಗೊಂದು ಕಾಯಿಲೆ ಹೊತ್ತು ವ್ಯಾನು ಬರುತ್ತಿತ್ತು. ವೈಪರು ಅರ್ಧಕ್ಕೆ ನಿಲ್ಲುವುದು, ಹೆಡ್‌ಲೈಟು ಮಂಕಾಗುವುದು, ಫ್ಯಾನು ತಿರುಗದಿರುವುದು. ಬರಬರುತ್ತ ಅವಳು ಕಾಯಿಲೆಯ ಹೆಸರನ್ನೂ ತಾನೇ ಹೇಳತೊಡಗಿದಳು. ಅದು ಸರಿಯೂ ಇರುತ್ತಿತ್ತು. ಆದರೂ ಬರುವುದನ್ನು ಬಿಡಲಿಲ್ಲ.

*

ಸಿದ್ದಮಲ್ಲಪ್ಪ ಬಂದಾಗ ವಿಮಾನವನ್ನು ಅಂಗಳಕ್ಕೆ ತಂದಿಟ್ಟಿದ್ದರು. ಅವನು ಪ್ರೇಮಲೀಲಾಳ ಮೊದಲ ಗಂಡನ ತಮ್ಮ, ನಂಜನಗೂಡಿನ ಕಡೆಯ ಬೇಸಾಯಗಾರ. ಅತ್ತಿಗೆ ಎರಡನೇ ಮದುವೆಯಾದ ದಿನದಿಂದ ಈ ಮನೆಯ ಹೊಸಲು ತುಳಿದವನಲ್ಲ. ಊರಿನ ನಾಲ್ಕು ಜನರೊಂದಿಗೆ ಟೆಂಪೋದಿಂದ ಇಳಿದವನು ನೇರ ಒಳಗೆ ಹೋಗಿ, ವಿಭೂತಿ ಬಳಿದ ಆ ಪಾದಗಳ ಮೇಲೆ ಹಣೆಯಿಟ್ಟು ಬಹಳ ಹೊತ್ತು ಏಳಲಿಲ್ಲ. ಆಮೇಲೆ ಹೊರಗೆ ಬಂದು ಮೃತ್ಯುಂಜಯನ ಮುಂದೆ ನಿಂತ.

"ಒಂದು ಮಾತು ಅವ್ರೇ, ತೆಪ್ಪು ತಿಳ್ಕೋಬ್ಯಾಡಿ. ಅತ್ತಿಗೇನ ಊರಿಗೆ ಕರ್ಕೊಂಡೋಗಣ ಅಂತ ಬಂದಿವ್ನಿ. ಹೊಲದ ಬದೀಲಿ ನಮ್ಮಣ್ಣನ ಸಮಾಧಿ ಪಕ್ಕ ಜಾಗ ಬುಟ್ಟಿದೀವಿ. ನಮ್ಮಪ್ಪ ತೀರ್ಕೊಂಡಾಗ್ಲೂ ಅಲ್ಲಿ ಮಣ್ಣು ಮಾಡ್ಲಿಲ್ಲ. ಅತ್ತಿಗೇಗೆ ಅಂತ ಅಂಗೇ ಬುಟ್ಟಿದ್ದು."

ಪ್ರೇಮಲೀಲಾಳ ಮಗಳು ಶಿವಾನಿ ಬಾಗಿಲಲ್ಲೇ ಇದ್ದಳು. "ಇಷ್ಟು ದಿನ ಎಲ್ಲಿದ್ರಿ ಚಿಕ್ಕಪ್ಪ? ಅಮ್ಮನಿಗೆ ಬಾಗಿಲು ಮುಚ್ಚಿದೋರು ನೀವೇ ಅಲ್ವಾ?"

"ಬಾಗ್ಲು ಮುಚ್ಚಿದ್ದು ನಿಜ ಕಣವ್ವಾ" ಎಂದ ಸಿದ್ದಮಲ್ಲಪ್ಪ. "ಜಾಗ ಮುಚ್ಚಿರ್ನಿಲ್ಲ."

ಮೃತ್ಯುಂಜಯ ವಿಮಾನದ ಬಾಳೆಕಂದನ್ನು ನೋಡುತ್ತಿದ್ದ. ಅದಕ್ಕೆ ಸುತ್ತಿದ್ದ ದಾರ ಒಂದು ಕಡೆ ಸಡಿಲವಾಗಿತ್ತು.

"ಆಗ್ಲಿ" ಎಂದ. "ಅಲ್ಲೇ ಆಗ್ಲಿ."

ಶಿವಾನಿ ಅವನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಇನ್ನೂ ಲಂಗ ಹಾಕುವ ವಯಸ್ಸಿನಲ್ಲಿ, ಅವನ ಅಂಗಡಿಯಲ್ಲಿ ಸುಟ್ಟ ಬಲ್ಬುಗಳನ್ನು ಆಯ್ದುಕೊಳ್ಳುತ್ತಿದ್ದಾಗಿನಿಂದ ಅವಳಿಗೆ ಅವನು ಅಂಕಲ್. ಅವನು ಅಮ್ಮನನ್ನು ಮದುವೆಯಾದ ಮೇಲೂ ಅದು ಬದಲಾಗಿರಲಿಲ್ಲ.

"ಅಂಕಲ್, ಏನು ಹೇಳಿದ್ರಿ ಅಂತ ಗೊತ್ತಾ ನಿಮಗೆ? ಅಮ್ಮನ್ನ ಕೊಟ್ಟು ಕಳಿಸ್ತಿದೀರಿ."

"ಅವರು ಅಷ್ಟು ವರ್ಷ ಜಾಗ ಇಟ್ಕೊಂಡಿದಾರೆ..."

"ಅವರದ್ದು ಬಿಡಿ. ನಿಮಗೇನನ್ನಿಸುತ್ತೆ? ಕಳಿಸೋದು ಬೇಡ ಅನ್ನಿಸುತ್ತಾ? ಅದೊಂದು ಹೇಳಿ, ಸಾಕು."

ಅವನು ಯೋಚಿಸಿದ. ನಿಜವಾಗಿಯೂ ಹುಡುಕಿ ನೋಡಿದ.

"ಏನೂ ಅನ್ನಿಸ್ತಿಲ್ಲ ಕಣಮ್ಮ. ನಿನ್ನೆಯಿಂದ ನೋಡ್ತಾನೇ ಇದೀನಿ. ಏನೂ ಇಲ್ಲ."

ಶಿವಾನಿಯ ಸಿಟ್ಟು ಇಳಿಯಿತು. ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು. ಅವನ ಕೈಯಿಂದ ಇನ್ನೂ ಹಾಗೇ ಇದ್ದ ಆ ಎರಡು ಫ್ಯೂಸುಗಳನ್ನು ಬಿಡಿಸಿಕೊಂಡು ಅವನ ಜೇಬಿಗೆ ಹಾಕಿ, ಒಬ್ಬಳೇ ಅಂಗಳಕ್ಕೆ ಹೋದಳು.

"ಚಿಕ್ಕಪ್ಪ, ಜಾಗ ಇಟ್ಟಿದ್ದಕ್ಕೆ ನಿಮ್ಮ ಕಾಲಿಗೆ ಬೀಳ್ತೀನಿ. ಆದ್ರೆ ಅಲ್ಲಿ ಅಪ್ಪನಿಗೆ ನೀವೆಲ್ಲ ಇದೀರ. ಇಲ್ಲಿ ಅಂಕಲ್‌ಗೆ ಯಾರಿದಾರೆ ಹೇಳಿ? ಅಮ್ಮ ಇಲ್ಲೇ ಇದ್ರೆ ಸಂಜೆ ಹೊತ್ತು ಹೋಗಿ ಕೂತಾದ್ರೂ ಬರ್ತಾರೆ."

ಸಿದ್ದಮಲ್ಲಪ್ಪ ಹೆಗಲ ಟವೆಲ್ಲು ತೆಗೆದು ಕೊಡವಿದ. ಮತ್ತೆ ಹಾಕಿಕೊಂಡ. ಜೊತೆಗೆ ಬಂದವರಲ್ಲಿ ಒಬ್ಬ ಏನೋ ಹೇಳಲು ಬಾಯಿ ತೆರೆದಾಗ ಕಣ್ಣಲ್ಲೇ ತಡೆದ.

"ನೀನು ಮಗಳು. ನಿನ್ನ ಮಾತು ಮೀರಿ ನಾನೇನು ಮಾಡ್ಲವ್ವ" ಎಂದ. "ಹೆಗಲು ಕೊಡಾಕಾದ್ರೂ ಬುಡ್ತೀರಾ?"

ಅವನೇ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಇನ್ನೊಂದು ಬದಿಗೆ ಮೃತ್ಯುಂಜಯನನ್ನು ನಿಲ್ಲಿಸಿದರು. ಬೀದಿಯುದ್ದಕ್ಕೂ ಸ್ಕೂಲ್ ವ್ಯಾನುಗಳು ನಿಂತಿದ್ದವು. ತಿರುವಿನಲ್ಲಿ, ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿಯೊಬ್ಬಳು ಸ್ಕೂಟಿ ನಿಲ್ಲಿಸಿ ಮೃತ್ಯುಂಜಯನ ಪಕ್ಕ ಹೆಜ್ಜೆ ಹಾಕತೊಡಗಿದಳು.

"ಅಂಕಲ್, ನಾನು ರಕ್ಷಿತಾ. ಆಂಟಿ ವ್ಯಾನಿಂದ ಬಿದ್ದೇ ಬಿಡ್ತಿದ್ನಲ್ಲ ಚಿಕ್ಕೋಳಿದ್ದಾಗ, ಅದು ನಾನೇ."

*

ಆ ದಿನ ತಿರುವೊಂದರಲ್ಲಿ ವ್ಯಾನಿನ ಪಕ್ಕದ ಜಾರುಬಾಗಿಲು ತಾನಾಗಿ ತೆರೆದುಕೊಂಡಿತ್ತು. ಬಾಗಿಲಿಗೊರಗಿ ಕೂತಿದ್ದ ಮಗು ಆಚೆಗೆ ವಾಲಿತು. ಪಕ್ಕದ ಹುಡುಗಿ ಬ್ಯಾಗಿನ ಪಟ್ಟಿ ಹಿಡಿದೆಳೆದದ್ದರಿಂದ ಉಳಿಯಿತು. ಪ್ರೇಮಲೀಲಾ ಎಲ್ಲರನ್ನೂ ಮನೆ ಸೇರಿಸಿ, ಆ ಮಗುವಿನ ತಾಯಿಗೆ ನಡೆದದ್ದನ್ನೆಲ್ಲ ಹೇಳಿ, ಕುಂಬಾರಕೊಪ್ಪಲಿಗೆ ಬಂದು ಕೀಲಿಯನ್ನು ಮೃತ್ಯುಂಜಯನ ಮೇಜಿನ ಮೇಲಿಟ್ಟಳು.

"ಮಾರಿಸಿಬಿಡಿ. ನನ್ನ ಕೈಲಾಗಲ್ಲ."

ಸಮಾಧಾನ ಹೇಳಲು ಅವನಿಗೆ ಬರುತ್ತಿರಲಿಲ್ಲ. ಬಾಗಿಲಿನ ಚಿಲಕ ಬದಲಾಯಿಸಿದ. ಚೌಕಟ್ಟಿನಲ್ಲಿ ಒಂದು ಸ್ವಿಚ್ಚು ಕೂರಿಸಿ, ಅಲ್ಲಿಂದ ವೈರು ಎಳೆದು, ಅವಳ ಕಿವಿಯ ಹತ್ತಿರ ಬಜರು ಕಟ್ಟಿದ. ಬಾಗಿಲು ಒಂದು ಬೆರಳಿನಷ್ಟು ತೆರೆದರೂ ಅದು ಕಿರುಚಬೇಕು. ಭಾನುವಾರ ಅವಳನ್ನು ಕರೆಸಿ ಕೀಲಿ ಕೊಟ್ಟ.

"ನೀವು ಓಡಿಸಿ. ನಾನು ಹಿಂದೆ ಕೂತು ಬಾಗಿಲು ತೆಗೀತೀನಿ."

ಖಾಲಿ ಬಡಾವಣೆಯ ರಸ್ತೆಗಳಲ್ಲಿ ಅವಳು ಓಡಿಸಿದಳು. ಅವನು ಮಕ್ಕಳ ಬೆಂಚಿನಲ್ಲಿ ಕೂತು ಬಾಗಿಲನ್ನು ಎಳೆದ, ಮುಚ್ಚಿದ, ಮತ್ತೆ ಎಳೆದ. ಪ್ರತಿ ಸಲವೂ ಬಜರು ಕಿರುಚಿತು. ಪ್ರತಿ ಸಲವೂ ಅವಳ ಭುಜ ಬೆಚ್ಚಿತು. ಹಾಗೇ ಸುತ್ತುತ್ತ ಸುತ್ತುತ್ತ ಭುಜ ಬೆಚ್ಚುವುದು ನಿಂತಿತು. ಅವಳು ವ್ಯಾನನ್ನು ಹೊಂಗೆಮರದ ನೆರಳಿಗೆ ತಂದಳು. ಹಿಂದಕ್ಕೆ ತಿರುಗದೆಯೇ ಕೇಳಿದಳು.

"ಮನೇಲಿ ನಿಮಗೆ ಅಡಿಗೆ ಯಾರು ಮಾಡ್ತಾರೆ?"

"ನಾನೇ. ಅವ್ವ ಹೋದ ಮೇಲೆ ಯಾರೂ ಇಲ್ಲ."

"ಇವತ್ತು ನಮ್ಮನೇಲಿ ಉಣ್ಣಿ."

ಮದುವೆ ಮಠದಲ್ಲಿ ನಡೆದದ್ದು ಅದಾದ ಮೇಲೆ ಎರಡು ವರ್ಷಕ್ಕೆ. ಕೈಬೆರಳೆಣಿಕೆಯ ಜನ ಬಂದಿದ್ದರು. ಸಿದ್ದಮಲ್ಲಪ್ಪನ ಊರಿಗೆ ಕಳಿಸಿದ ತಾಂಬೂಲ ಹಾಗೇ ವಾಪಸ್ಸಾಯಿತು. ಅವಳು ಅದನ್ನು ಬಿಚ್ಚಿ, ಎಲೆಗಳಿಗೆ ಸುಣ್ಣ ಹಚ್ಚಿ, "ಹಾಳಾಗೋದ್ಯಾಕೆ" ಎನ್ನುತ್ತ ಇಬ್ಬರಿಗೂ ಮಡಚಿದ್ದಳು.

*

ರುದ್ರಭೂಮಿಯಲ್ಲಿ ಗುಂಡಿಯ ಬದಿಗೋಡೆಯಲ್ಲಿ ಕೊರೆದ ಗೂಡಿನೊಳಗೆ ಅವಳನ್ನು ಕೂರಿಸಿದರು. ಅಯ್ಯನವರು ಮಂತ್ರ ಹೇಳಿದರು. ವಿಭೂತಿಗಟ್ಟಿ, ಬಿಲ್ವಪತ್ರೆ, ಉಪ್ಪು ಬಿತ್ತು. ಮಣ್ಣು ಹಾಕಪ್ಪ ಅಂದರು, ಮೃತ್ಯುಂಜಯ ಹಾಕಿದ. ಇನ್ನೊಂದು ಹಿಡಿ ಅಂದರು, ಹಾಕಿದ. ಸರಿದು ನಿಲ್ಲು ಅಂದರು, ನಿಂತ. ರಕ್ಷಿತಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವನು ಅವಳ ಬೆನ್ನು ತಟ್ಟಿದ. ಸಿದ್ದಮಲ್ಲಪ್ಪ ಹೊರಡುವ ಮುಂಚೆ ಸಮಾಧಿಯ ಒಂದು ಹಿಡಿ ಮಣ್ಣನ್ನು ಟವೆಲ್ಲಿನ ತುದಿಗೆ ಗಂಟುಹಾಕಿಕೊಂಡ. ಯಾರನ್ನೂ ಕೇಳಲಿಲ್ಲ.

ಸ್ನಾನವಾಯಿತು. ಪಕ್ಕದ ಮನೆಯವರು ತಂದ ಅನ್ನ ಸಾರನ್ನು ಮೃತ್ಯುಂಜಯ ಬಡಿಸಿದಷ್ಟೂ ಉಂಡ. ರುಚಿ ತಿಳಿಯಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಶಿವಾನಿ ಬಂದಳು.

"ಅಂಕಲ್, ವ್ಯಾನು ಬೀದೀಲೇ ಇದೆ. ಹಾಲಿನ ಗಾಡಿಯೋನು ಓಡಾಡೋಕ್ಕೆ ಜಾಗ ಇಲ್ಲ ಅಂತಿದಾನೆ. ಒಳಗೆ ತಂದುಬಿಡಿ."

ಅವನು ಹೋದ. ಕಿತ್ತಿದ್ದ ಎರಡು ಫ್ಯೂಸುಗಳನ್ನೂ ಮತ್ತೆ ಕೂರಿಸಿ, ಹಾರನ್ನಿನ ವೈರನ್ನು ಕತ್ತರಿಸಿದ. ಈಗ ಕೈಗೆ ಅದು ತಾನಾಗಿ ಸಿಕ್ಕಿತು. ಬ್ಯಾಟರಿಯ ವೈರು ಮತ್ತೆ ಬಿಗಿದು, ಬಾಗಿಲು ತೆಗೆದು ಸ್ಟೀರಿಂಗಿನ ಮುಂದೆ ಕೂರಲು ಹೋದ. ಕೂರಲಾಗಲಿಲ್ಲ. ಮಂಡಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಸ್ಟೀರಿಂಗು ಹೊಟ್ಟೆಗೆ ಒತ್ತಿತು.

ಅವಳು ಗಿಡ್ಡ. ಕ್ಲಚ್ಚಿಗೆ ಕಾಲು ಎಟುಕಲೆಂದು ಸೀಟನ್ನು ತುದಿಯವರೆಗೂ ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ನಿನ್ನೆ ಮಧ್ಯಾಹ್ನ ಇಳಿದುಹೋದಾಗಿನಿಂದ ಅದು ಹಾಗೇ ಇತ್ತು.

ಅವನ ಕೈ ಸೀಟಿನ ಕೆಳಗೆ ಹೋಯಿತು. ಹಿಂದಕ್ಕೆ ಸರಿಸುವ ಹಿಡಿ ಬೆರಳಿಗೆ ಸಿಕ್ಕಿತು. ಅದನ್ನು ಎತ್ತದೆಯೇ ಕೈ ಹೊರತೆಗೆದ.

ಒಂದು ಕಾಲನ್ನು ಆ ಕಡೆ, ಒಂದನ್ನು ಈ ಕಡೆ ಮಡಿಸಿ, ಗಲ್ಲ ಸ್ಟೀರಿಂಗಿಗೆ ತಾಕುವಷ್ಟು ಬಾಗಿ ಕೀಲಿ ತಿರುಗಿಸಿದ. ಕ್ಲಚ್ಚಿನಿಂದ ಕಾಲೆತ್ತಲು ಜಾಗವಿಲ್ಲದೆ ವ್ಯಾನು ಕುಪ್ಪಳಿಸಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದ.

"ಸೀಟು ಹಿಂದಕ್ಕೆ ತಳ್ಕೊಳ್ಳಿ ಅಂಕಲ್!" ಗೇಟು ಹಿಡಿದು ನಿಂತಿದ್ದ ಶಿವಾನಿ ಕೂಗಿದಳು. "ಹಂಗೆ ಹೆಂಗೆ ಓಡಿಸ್ತೀರಿ?"

ಅವನ ಮಂಡಿಯ ಚರ್ಮ ಕಿತ್ತು ಪಂಚೆಗೆ ರಕ್ತದ ಕಲೆ ಹತ್ತುತ್ತಿತ್ತು. ಉಸಿರು ಬಿಗಿಹಿಡಿದು, ಮುದುಡಿದ ಮೈಯಲ್ಲೇ ಸ್ಟೀರಿಂಗನ್ನು ಬೆರಳಷ್ಟು ಬೆರಳಷ್ಟೇ ತಿರುಗಿಸುತ್ತ, ನಿಂತು ನಿಂತು, ಕುಪ್ಪಳಿಸುತ್ತ, ವ್ಯಾನನ್ನು ಗೇಟಿನೊಳಗೆ ತರತೊಡಗಿದ.